ಟ್ರೈಲರ್ ಆರಿಸುವ ಮೊದಲು ಬಾಗಿಲ ಚೀಟಿ ಓದಿ

ನಿವೃತ್ತಿಯ ಮೇಲೆ ಮನೆಯನ್ನೇ ಎಳೆದುಕೊಂಡು ಅಮೆರಿಕ ಸುತ್ತುವುದೆಂದು ನಾವು ಗಂಡ-ಹೆಂಡತಿ ತೀರ್ಮಾನಿಸಿದ್ದೆವು. ಟೆಕ್ಸಾಸ್‌ನ ಅಂಗಡಿಯೊಂದರಲ್ಲಿ ಕಂಡ ದೊಡ್ಡ ಫಿಫ್ತ್ ವೀಲ್ ಟ್ರೈಲರ್‌ಗೆ ಮರುಳಾಗಿಯೂ ಬಿಟ್ಟೆವು. ಗೋಡೆ ಹೊರಕ್ಕೆ ಸರಿದು ಅಗಲವಾಗುವ ಹಾಲ್, ಓವನ್, ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ಇನ್ನೆಂತ ಬೇಕು ಮಾರಾಯ್ರೆ!

ಫಿಫ್ತ್ ವೀಲನ್ನು ವಾಹನದ ಹಿಂಬದಿಯ ಕೊಕ್ಕೆಗೆ ಸಿಕ್ಕಿಸುವುದಲ್ಲ. ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಮೇಲ್ಭಾಗದಲ್ಲಿ ಕೂರಿಸುವುದು. ಹಾಗಾಗಿ ಓಲಾಟ ಕಡಿಮೆ. ಆದರೆ ತೂಕದ ಸುಮಾರು ಐದನೇ ಒಂದು ಪಾಲು ಪಿಕಪ್‌ನ ಬೆನ್ನಿಗೇ ಬೀಳುತ್ತದೆ.

'ನಿಮ್ಮ ಗಾಡಿ ಆರಾಮಾಗಿ ಎಳೀತದೆ' ಎಂದರು ಮಾರಾಟಗಾರರು. ಎಳೆಯುವುದೇನೋ ಸರಿ, ಹೊರುವುದು? ಚಾಲಕನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ ಚೀಟಿ ಓದಿದೆವು. ಜನ, ಸಾಮಾನು ಎಲ್ಲ ಸೇರಿ 2,400 ಪೌಂಡ್ ಮಾತ್ರ. ಸಾಮಾನು ತುಂಬಿದ ಟ್ರೈಲರ್ 14,000 ಪೌಂಡ್. ಅದರ ಶೇ. 20 ಅಂದರೆ 2,800. ನಾವಿಬ್ಬರು ಹತ್ತುವ ಮೊದಲೇ ಮಿತಿ ದಾಟಿತ್ತು!

ಖಾಲಿ ಟ್ರೈಲರ್‌ನ ತೂಕ ನೋಡಿ ಮೋಸ ಹೋಗಬೇಡಿ. 60 ಗ್ಯಾಲನ್ ನೀರೇ 500 ಪೌಂಡ್ ತೂಗುತ್ತದೆ. ತಿಂಗಳುಗಟ್ಟಲೆ ತಿರುಗುವವರಿಗೆ ಬಟ್ಟೆ, ಪಾತ್ರೆ, ಅಕ್ಕಿಯೂ ಬೇಕಲ್ಲ?

ಕೊನೆಗೆ ನಾವು ಕೊಂಡದ್ದು 28 ಅಡಿಯದ್ದು. ತುಂಬಿದಾಗ 9,500 ಪೌಂಡ್, ಬೆನ್ನಿಗೆ ಬೀಳುವುದು ಸುಮಾರು 1,900. ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್ ಜಾಗಗಳಲ್ಲಿ ಅನೇಕವು ಉದ್ದದ ಟ್ರೈಲರ್‌ಗೆ ಸಾಲುವುದಿಲ್ಲ, ಅಲ್ಲಿಯೂ ಚಿಕ್ಕದೇ ಅನುಕೂಲ. ದೊಡ್ಡ ಹಾಲ್ ಇಲ್ಲ, ನಿಜ. ಇಳಿಜಾರಿನಲ್ಲಿ ಬ್ರೇಕ್ ಒತ್ತುವಾಗ ಎದೆಬಡಿತವೂ ಇಲ್ಲ.