ಮೊದಲು ಹೊತ್ತು ಓದಿ, ಆಮೇಲೆ ಫಲ

ಎಡಗಡೆ ಮೇಲ್ಮೂಲೆಯ ಮನೆ ಮೀನ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಹಳೇ ಕಾಗದವಿರಲಿ, ಕಂಪ್ಯೂಟರ್ ಸೆಂಟರಿನ ಪ್ರಿಂಟ್ ಇರಲಿ, ನಮ್ಮ ಕಡೆಯ ಯಾವ ಜಾತಕ ಬಿಡಿಸಿದರೂ ಇದು ಬದಲಾಗುವುದಿಲ್ಲ. ಅಲ್ಲಿಂದ ಬಲಕ್ಕೆ ಮೇಷ, ವೃಷಭ, ಮಿಥುನ. ಬಲಗಡೆ ಇಳಿದರೆ ಕಟಕ, ಸಿಂಹ, ಮೂಲೆಯಲ್ಲಿ ಕನ್ಯಾ. ಕೆಳಸಾಲಿನಲ್ಲಿ ಎಡಕ್ಕೆ ತುಲಾ, ವೃಶ್ಚಿಕ, ಧನುಸ್ಸು. ಎಡಗಡೆ ಮೇಲಕ್ಕೆ ಹತ್ತಿದರೆ ಮಕರ, ಕುಂಭ, ಮತ್ತೆ ಮೀನ. ಈ ಹೆಸರುಗಳನ್ನು ಮನೆಗಳೊಳಗೆ ಯಾರೂ ಬರೆದಿರುವುದಿಲ್ಲ, ಓದುವವನಿಗೆ ಗೊತ್ತಿದೆ ಎಂದೇ ಲೆಕ್ಕ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಪಕ್ಕದಲ್ಲಿ ‘ನವಾಂಶ’ ಎಂದು ಇನ್ನೊಂದು ಚೌಕವಿರುತ್ತದೆ. ಸದ್ಯಕ್ಕೆ ಅದನ್ನು ಅಂಗೈಯಲ್ಲಿ ಮುಚ್ಚಿಕೊಳ್ಳಿ.

ನಾನು ಜೋಯಿಸನಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹೊಲ ಗದ್ದೆ ತೋಪುಗಳನ್ನು ಅಳೆದು ಸರ್ವೇ ಇಲಾಖೆಯಿಂದ ನಿವೃತ್ತನಾದವನು. ಊರಿನ ನಕ್ಷೆ ಕೈಗೆ ಬಂದರೆ ಮೊದಲು ಉತ್ತರ ಎತ್ತ ಕಡೆ ಎಂದು ನೋಡಿಕೊಳ್ಳುತ್ತಿದ್ದೆವು, ಆಮೇಲೆ ಟಿಪ್ಪಣಿಗೂ ನೆಲಕ್ಕೂ ತಾಳೆ ಹಾಕುತ್ತಿದ್ದೆವು. ಹೊಲ ಯಾರದು, ಒಳ್ಳೆಯದೋ ಬರಡೋ ಎಂಬುದು ಅದಾದ ಮೇಲಿನ ಮಾತು. ಜಾತಕವನ್ನೂ ನಾನು ಕಲಿತದ್ದು ಹೀಗೆಯೇ. ಅದು ಒಂದು ಗಳಿಗೆಯ ಆಕಾಶದ ನಕ್ಷೆ. ನಕ್ಷೆ ಸರಿಯಿದೆಯೇ ಎಂದು ನೋಡಲು ಜ್ಯೋತಿಷ ಬೇಕಿಲ್ಲ, ಬೆರಳೆಣಿಕೆ ಬಂದರೆ ಸಾಕು. ಆದರೆ ನಮ್ಮ ಜನ ಜಾತಕ ಬಿಡಿಸಿದ ಕೂಡಲೇ ಕೇಳುವುದು ‘ಮದುವೆ ಯಾವಾಗ?’ ಎಂದು.

ಮನೆಗಳಲ್ಲಿ ಇರುವವು ಬಿಡಿ ಅಕ್ಷರಗಳು. ರ ಎಂದರೆ ರವಿ, ಚಂ ಚಂದ್ರ, ಕು ಕುಜ, ಬು ಬುಧ, ಗು ಗುರು, ಶು ಶುಕ್ರ, ಶ ಶನಿ, ರಾ ಮತ್ತು ಕೇ ರಾಹು ಕೇತು. ‘ಮಾಂ’ ಎಂದು ಕಂಡರೆ ಅದು ಮಾಂದಿ, ಈಗ ಬೇಡ. ‘ಲ’ ಎಂದೋ ಎರಡು ಓರೆಗೆರೆಯೋ ಇರುವ ಮನೆ ಲಗ್ನ: ಮಗು ಹುಟ್ಟಿದಾಗ ಪೂರ್ವದ ದಿಗಂತದಲ್ಲಿ ಮೇಲೇರುತ್ತಿದ್ದ ರಾಶಿ. ಅಲ್ಲಿಂದ ಒಂದು, ಎರಡು, ಮೂರು ಎಂದು ಎಣಿಸಿದರೆ ಒಂದನೇ ಮನೆ, ಎರಡನೇ ಮನೆ. ಎಣಿಸುವಾಗ ನಿಂತ ಮನೆಯನ್ನೂ ಸೇರಿಸಿಕೊಳ್ಳಬೇಕು.

ಈಗ ರವಿಯನ್ನು ಹುಡುಕಿ. ಅವನು ಒಂದೊಂದು ಮನೆಯಲ್ಲಿ ಒಂದೊಂದು ತಿಂಗಳು ಇರುತ್ತಾನೆ, ಮನೆ ಬದಲಿಸುವುದು ಇಂಗ್ಲಿಷ್ ತಿಂಗಳ ನಡುಮಧ್ಯೆ. ಜನವರಿ 14–15ಕ್ಕೆ ಮಕರ ಎಂಬುದು ಎಳ್ಳುಬೆಲ್ಲ ತಿನ್ನುವ ಮಕ್ಕಳಿಗೂ ಗೊತ್ತು, ಅಲ್ಲಿಂದ ಮುಂದಕ್ಕೆ ಎಣಿಸಿದರಾಯಿತು. ರವಿಯ ಮನೆ ತಿಂಗಳು ಹೇಳಿತು. ರವಿಯಿಂದ ಲಗ್ನಕ್ಕೆ ಎಷ್ಟು ಮನೆ ಎಂಬುದು ಹೊತ್ತು ಹೇಳುತ್ತದೆ. ಲಗ್ನ ಹೆಚ್ಚುಕಡಿಮೆ ಎರಡು ಗಂಟೆಗೊಮ್ಮೆ ಮನೆ ದಾಟುತ್ತದೆ. ಎರಡೂ ಒಂದೇ ಮನೆಯಲ್ಲಿದ್ದರೆ ಮಗು ಹುಟ್ಟಿದ್ದು ಸೂರ್ಯೋದಯದ ಆಸುಪಾಸು. ಲಗ್ನ ರವಿಯಿಂದ ನಾಲ್ಕನೆಯದಾದರೆ ನಡುಹಗಲು, ಏಳನೆಯದಾದರೆ ದೀಪ ಹಚ್ಚುವ ಹೊತ್ತು, ಹತ್ತನೆಯದಾದರೆ ನಡುರಾತ್ರಿ.

ಇನ್ನು ರವಿಯಿಂದ ಚಂದ್ರನಿಗೆ ಎಣಿಸಿ. ಒಂದೇ ಮನೆಯಲ್ಲಿದ್ದರೆ ಅಮಾವಾಸ್ಯೆಯ ಸುತ್ತಮುತ್ತ, ಏಳನೆಯ ಮನೆಯಾದರೆ ಹುಣ್ಣಿಮೆ. ಎರಡರಿಂದ ಆರು ಶುಕ್ಲಪಕ್ಷ, ಎಂಟರಿಂದ ಹನ್ನೆರಡು ಬಹುಳ. ಮನೆಯೊಂದಕ್ಕೆ ಎರಡೂವರೆ ತಿಥಿ. ಜಾತಕದ ತಲೆಬರಹದಲ್ಲಿ ತಿಥಿ ಬರೆದೇ ಇರುತ್ತಾರೆ, ತಾಳೆ ನೋಡಿ. ಬುಧ ಸೂರ್ಯನಿಂದ 28 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಹಾಗಾಗಿ ಅವನು ರವಿಯ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸಿಗಬೇಕು. ಶುಕ್ರನ ಹಗ್ಗ ಇನ್ನೂ ಸ್ವಲ್ಪ ಉದ್ದ, ಆದರೂ ಎರಡು ಮನೆಯಾಚೆಗೆ ಇಲ್ಲ. ಎರಡೂ ಭೂಮಿಗಿಂತ ಒಳಸುತ್ತಿನಲ್ಲಿ ಸುತ್ತುವ ಗ್ರಹಗಳು, ಅದಕ್ಕೇ ಹೀಗೆ. ರಾಹು ಕೇತು ಎದುರುಬದುರು ಏಳನೆಯ ಮನೆಯಲ್ಲಿರಲೇಬೇಕು. ಇದರಲ್ಲಿ ಒಂದು ತಪ್ಪಿದರೂ ಜಾತಕ ಬರೆದವರ ಕೈ ತಪ್ಪಿದೆ ಎಂದರ್ಥ. ಅದನ್ನು ನಂಬಿ ಶಾಂತಿ ಹೋಮಕ್ಕೆ ದುಡ್ಡು ಕಟ್ಟಬೇಡಿ.

ಅಭ್ಯಾಸಕ್ಕೆ ನಮ್ಮ ಜಿಲ್ಲೆಯ ದೊಡ್ಡವರನ್ನೇ ತೆಗೆದುಕೊಳ್ಳೋಣ. ಮುಳಬಾಗಿಲಿನ ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17. ರವಿ ಮೀನದಲ್ಲಿ, ಆ ಎಡ ಮೇಲ್ಮೂಲೆಯಲ್ಲಿ. ಮಾಲೂರು ಸೀಮೆಯ ಮಾಸ್ತಿಯವರದು ಇನ್ನೂ ಸ್ವಾರಸ್ಯ. ಅವರು ಹುಟ್ಟಿದ 1891ರ ಜೂನ್ 6ರಂದು ಸೂರ್ಯಗ್ರಹಣ. ಹಿಡಿದದ್ದು ದೂರದ ಉತ್ತರದಲ್ಲಿ, ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ, ಹಾಗಾಗಿ ಊರಲ್ಲಿ ಯಾರೂ ಕಾಣಲಿಲ್ಲ. ಆದರೆ ಗ್ರಹಣ ಎಂದ ಮೇಲೆ ಅಂದು ಅಮಾವಾಸ್ಯೆ, ರವಿ ಚಂದ್ರ ಒಂದೇ ಮನೆ. ಜೂನ್ ಮೊದಲ ವಾರವಾದ್ದರಿಂದ ಆ ಮನೆ ವೃಷಭ. ಗ್ರಹಣಕ್ಕೆ ರಾಹುವೋ ಕೇತುವೋ ಹತ್ತಿರ ಇರಬೇಕು. ಅಂದು ಇದ್ದದ್ದು ರಾಹು, ಅದೂ ವೃಷಭದಲ್ಲೇ. ಎದುರಿನ ವೃಶ್ಚಿಕದಲ್ಲಿ ಕೇತು. ಪಂಚಾಂಗ ಬಿಡಿಸದೆ ನಾಲ್ಕು ಗ್ರಹ ಕೂತವು. ಮಾಸ್ತಿಯವರು ತೀರಿಕೊಂಡದ್ದೂ ಜೂನ್ 6ರಂದೇ, 1986ರಲ್ಲಿ, ಅದೂ ಅಮಾವಾಸ್ಯೆಯ ಹೊಸ್ತಿಲಲ್ಲಿ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಾರೀಖೂ ತಿಥಿಯೂ ಮತ್ತೆ ಜೊತೆಯಾಗುತ್ತವೆ, 95 ಎಂದರೆ ಐದು ಹತ್ತೊಂಬತ್ತು. ಇದರಲ್ಲಿ ಪವಾಡವೇನಿಲ್ಲ, ಗಣಿತ ಅಷ್ಟೆ. ನನಗಂತೂ ಪವಾಡಕ್ಕಿಂತ ಇದೇ ರುಚಿ.

ಈ ಎಣಿಕೆ ಕೆಲಸಕ್ಕೆ ಬಂದದ್ದು ಮುಳಬಾಗಿಲು ಕಡೆಯ ನಂಟರ ಮನೆಯಲ್ಲಿ. ಹುಡುಗಿಗೆ ಕುಜದೋಷ ಎಂದು ಎರಡು ಸಂಬಂಧ ತಿರುಗಿ ಹೋಗಿದ್ದವು. ಪ್ರಿಂಟ್ ಮಾಡಿಸಿದ ಜಾತಕ, ಪ್ಲಾಸ್ಟಿಕ್ ಕವರಿನಲ್ಲಿ. ಸಿಂಹದಲ್ಲಿ ರವಿ, ಸಿಂಹವೇ ಲಗ್ನ, ನಾಲ್ಕನೆಯ ಮನೆ ವೃಶ್ಚಿಕದಲ್ಲಿ ಕುಜ. ‘ಮಗು ಬೆಳಿಗ್ಗೆ ಹುಟ್ಟಿತೇನಮ್ಮ?’ ಎಂದೆ. ‘ಎಲ್ಲಿಯ ಬೆಳಿಗ್ಗೆ ಮಾವ, ಹಸು ಕರೆದು ಬಂದಮೇಲೆ ಆಸ್ಪತ್ರೆಗೆ ಹೊರಟಿದ್ದು, ದೀಪ ಹಚ್ಚೋ ಹೊತ್ತಿಗೆ ಹೆರಿಗೆ’ ಎಂದಳು ತಾಯಿ. ಸಂಜೆ ಆರೂಕಾಲು ಎಂದು ಹೇಳಿದ್ದನ್ನು ಟೈಪು ಮಾಡುವ ಹುಡುಗ ಬೆಳಗಿನ ಆರೂಕಾಲು ಎಂದು ಒತ್ತಿದ್ದ. ಹನ್ನೆರಡು ಗಂಟೆ ಸರಿಸಿದರೆ ಲಗ್ನ ಕುಂಭಕ್ಕೆ ಹೋಗುತ್ತದೆ, ರವಿ ಏಳನೆಯ ಮನೆಗೆ, ವೃಶ್ಚಿಕದ ಕುಜ ನಾಲ್ಕು ಬಿಟ್ಟು ಹತ್ತನೆಯ ಮನೆಗೆ. ಕುಜದೋಷಕ್ಕೆ ಎಣಿಸುವ ಮನೆಗಳು ಎರಡು, ನಾಲ್ಕು, ಏಳು, ಎಂಟು, ಹನ್ನೆರಡು. ಕೆಲವರು ಒಂದನ್ನೂ ಸೇರಿಸುತ್ತಾರೆ. ಹತ್ತು ಯಾರ ಪಟ್ಟಿಯಲ್ಲೂ ಇಲ್ಲ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುವವರಿದ್ದಾರೆ, ವೃಶ್ಚಿಕ ಕುಜನ ಸ್ವಂತ ಮನೆಯಾದ್ದರಿಂದ ಅಲ್ಲಿ ದೋಷವೇ ಹಿಡಿಯದು ಎನ್ನುವವರೂ ಇದ್ದಾರೆ. ಆ ಎರಡು ಸಂಬಂಧದವರು ಅಷ್ಟು ದೂರ ಹೋಗಿರಲೇ ಇಲ್ಲ. ಹೊಸ ಜಾತಕ ಬರೆಸಿದರು. ಮೂರನೆಯ ಸಂಬಂಧ ಒಡವೆಯ ಮಾತಿನಲ್ಲಿ ಮುರಿಯಿತು, ಅದಕ್ಕೆ ಗ್ರಹಗಳು ಹೊಣೆಯಲ್ಲ.

ಹಳಬರ ಜಾತಕಗಳಲ್ಲಿ ಗಂಟೆ ನಿಮಿಷ ಇರುವುದಿಲ್ಲ, ಸೂರ್ಯೋದಯದಿಂದ ಇಷ್ಟು ಘಳಿಗೆ ಎಂದಿರುತ್ತದೆ. ದಿನಕ್ಕೆ 60 ಘಳಿಗೆ, ಒಂದಕ್ಕೆ 24 ನಿಮಿಷ. ಗಡಿಯಾರಕ್ಕಿಂತ ಇದೇ ವಾಸಿ, ಏಕೆಂದರೆ ಸೂರ್ಯನಿಗೆ ಸರ್ಕಾರಿ ಆದೇಶ ತಟ್ಟುವುದಿಲ್ಲ. ಭಾರತಕ್ಕೆಲ್ಲ ಒಂದೇ ಗಂಟೆ ಎಂದಾದದ್ದು 1906ರಲ್ಲಿ, 82½ ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ಕೋಲಾರ ಇರುವುದು 78 ಡಿಗ್ರಿಯ ಆಚೆ ಚೂರು. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 17 ನಿಮಿಷ ಹಿಂದೆ. ಮೊಬೈಲಿನಲ್ಲಿ ಊರು ಆರಿಸುವಾಗ ಮಾಲೂರು ಸಿಗಲಿಲ್ಲ, ಕೋಲಾರ ಹಾಕಿದೆ, ತಪ್ಪಾಯಿತೇ ಎಂದು ಕೇಳುತ್ತಾರೆ. ಮಾಲೂರಿನಿಂದ ಮುಳಬಾಗಿಲಿಗೇ ಎರಡು ನಿಮಿಷದ ವ್ಯತ್ಯಾಸವಿಲ್ಲ. ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ಹುಟ್ಟಿದ ಅಜ್ಜ ಅಜ್ಜಿಯರ ಗಂಟೆಯನ್ನು ಹಾಗೇ ಒತ್ತಿದರೆ ಲಗ್ನ ಅರ್ಧ ರಾಶಿ ಜರುಗುತ್ತದೆ. ನಮ್ಮಮ್ಮನಿಗೆ ಗಂಟೆಯೂ ಗೊತ್ತಿರಲಿಲ್ಲ, ಘಳಿಗೆಯೂ ಇಲ್ಲ. ಮದ್ರಾಸ್ ಕಡೆಯ ರಾತ್ರಿ ಗಾಡಿ ಟೇಕಲ್ ದಾಟಿದ ಮೇಲೆ, ಕೋಳಿ ಕೂಗುವ ಮುಂಚೆ ನಾನು ಹುಟ್ಟಿದೆನಂತೆ. ಅದಕ್ಕೆ ಎರಡು ಲಗ್ನ ಹೊಂದುತ್ತವೆ. ಎರಡರ ಫಲವನ್ನೂ ಓದಿದ್ದೇನೆ, ಎರಡೂ ನನಗೆ ಒಪ್ಪುತ್ತವೆ.

ಹುಟ್ಟಿದ ವರ್ಷವೇ ಗೊತ್ತಿಲ್ಲದವರಿಗೆ ಗುರು ಶನಿ ಸಹಾಯಕ್ಕೆ ಬರುತ್ತಾರೆ. ನನ್ನ ತಲೆಮಾರಿನ ಅರ್ಧ ಜನ ಶಾಲೆಯ ದಾಖಲೆಯಲ್ಲಿ ಜೂನ್ ತಿಂಗಳಲ್ಲೇ ಹುಟ್ಟಿದವರು, ಮೇಷ್ಟ್ರು ಬರೆದದ್ದೇ ತಾರೀಖು. ಜಾತಕದ ಮೇಲ್ತುದಿ ಗೆದ್ದಲು ತಿಂದು ಸಂವತ್ಸರದ ಹೆಸರು ಹೋಗಿದ್ದರೂ ಚೌಕ ಉಳಿದಿದ್ದರೆ ಸಾಕು. ಗುರು ಒಂದು ಮನೆಯಲ್ಲಿ ಸುಮಾರು ಒಂದು ವರ್ಷ, ಶನಿ ಎರಡೂವರೆ ವರ್ಷ. ಇಬ್ಬರೂ ಅದೇ ಜೋಡಿ ಮನೆಗಳಿಗೆ ಮರಳಲು ಹತ್ತಿರ ಹತ್ತಿರ 60 ವರ್ಷ ಬೇಕು. 1961ರಲ್ಲಿ ಮಕರದಲ್ಲಿ ಕೂಡಿದ ಗುರು ಶನಿ ಮತ್ತೆ ಮಕರದಲ್ಲಿ ಕೂಡಿದ್ದು 2020ರ ಡಿಸೆಂಬರಿನಲ್ಲಿ. ನಡುವಿನ ಅರವತ್ತರಲ್ಲಿ ಯಾವ ವರ್ಷ ಎಂಬುದನ್ನು ಜಾತಕವೇ ಒಪ್ಪಿಸುತ್ತದೆ. ಮಾಲೂರಿನ ನನ್ನ ಷಡ್ಡಕನ ಜಾತಕಕ್ಕೆ ಇಷ್ಟೂ ಬೇಡ. ಮಕರದ ಒಂದೇ ಮನೆಯಲ್ಲಿ ಎಂಟು ಅಕ್ಷರ ಒತ್ತಿಕೊಂಡು ಕೂತಿವೆ, ಎದುರಿನ ಕಟಕದಲ್ಲಿ ರಾಹು ಒಂಟಿ. ಅದು 1962ರ ಫೆಬ್ರವರಿಯ ಅಷ್ಟಗ್ರಹ ಕೂಟ. ಪ್ರಳಯವೇ ಆಗುತ್ತದೆಂದು ದೇಶವೆಲ್ಲ ಭಜನೆಗೆ ಕೂತ ಮೂರು ದಿನ. ಮನೆಯಲ್ಲಿ ಅವನನ್ನು ಇವತ್ತಿಗೂ ಅಷ್ಟಗ್ರಹ ಎಂದೇ ಕರೆಯುವುದು. ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತನಾದ, ಸಕ್ಕರೆ ಕಾಯಿಲೆ ಬಿಟ್ಟರೆ ಬೇರೆ ಕಾಟವಿಲ್ಲ.

ಕಾಗದ ಮಡಿಸಿಟ್ಟು ಮೇಲೆ ನೋಡುವುದನ್ನೂ ಕಲಿಯಬೇಕು. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಮುಗಿಯುವ ಜೂನ್ ಜುಲೈನಲ್ಲಿ, ಮೋಡವಿಲ್ಲದ ರಾತ್ರಿ ಊಟವಾದ ಮೇಲೆ ದಕ್ಷಿಣಕ್ಕೆ ತಿರುಗಿ ನಿಂತರೆ ವೃಶ್ಚಿಕ ಪೂರ್ತಿ ಕಾಣುತ್ತದೆ. ಹೆಸರಿಗೂ ಆಕಾರಕ್ಕೂ ಇಷ್ಟು ಹೊಂದುವ ರಾಶಿ ಇನ್ನೊಂದಿಲ್ಲ. ನಡುವೆ ಕೆಂಪಗೆ ಉರಿಯುವುದು ಜ್ಯೇಷ್ಠಾ, ಕೊಂಡಿಯ ಕಡೆ ಮೂಲಾ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕುವ ನಮ್ಮೂರಿನವರು ಆ ಚೇಳನ್ನೂ ಒಮ್ಮೆ ನೋಡಬೇಕು. ಚಂದ್ರ ಅದರ ಹತ್ತಿರ ಬಂದ ರಾತ್ರಿ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಅಂದಿನ ನಕ್ಷತ್ರ ನೋಡಿ. ಚೌಕದೊಳಗಿನ ‘ಚಂ’ ಎಲ್ಲಿಂದ ಬಂತು ಎಂಬುದು ಆಗ ಮನದಟ್ಟಾಗುತ್ತದೆ.

ಫಲದ ಮಾತು ಬೇರೆ. ಕನ್ನಡದಲ್ಲಿ ಈ ವಿದ್ಯೆಗೆ ಸಾವಿರ ವರ್ಷದ ಹತ್ತಿರದ ಇತಿಹಾಸವಿದೆ. ಶ್ರೀಧರಾಚಾರ್ಯನ ‘ಜಾತಕತಿಲಕ’ 1049ರದು. ಹನ್ನೆರಡು ಮನೆಗಳ ಕಾರಕತ್ವ, 120 ವರ್ಷದ ವಿಂಶೋತ್ತರಿ ದಶೆ, ಎಲ್ಲವೂ ಅಚ್ಚುಕಟ್ಟಾದ ಕಟ್ಟಡ. ರೋಹಿಣಿಯಲ್ಲಿ ಹುಟ್ಟಿದವನಿಗೆ ಚಂದ್ರದಶೆಯಿಂದ ಶುರು, ಆಮೇಲೆ ಕುಜ ಏಳು ವರ್ಷ, ರಾಹು ಹದಿನೆಂಟು, ಹೀಗೆ. ಕಲಿಯಲು ಖುಷಿ ಕೊಡುತ್ತದೆ. ನಿಜವೇ ಎಂದು ಕೇಳಿದರೆ, 2008ರಲ್ಲಿ ವಿಜ್ಞಾನಿ ಜಯಂತ ನಾರಳೀಕರ್ ಮಹಾರಾಷ್ಟ್ರದಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಮುಂದಿಡುತ್ತೇನೆ. ನೂರು ಜಾಣ ಮಕ್ಕಳದು, ನೂರು ಬುದ್ಧಿಮಾಂದ್ಯ ಮಕ್ಕಳದು, ಒಟ್ಟು ಇನ್ನೂರು ಜಾತಕ ಕಲೆಸಿ ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತು ಕೊಟ್ಟರು. ಉತ್ತರ ಕಳಿಸಿದ 27 ಜನರ ಸರಾಸರಿ ಗುರಿ 100ಕ್ಕೆ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ನಮ್ಮ ಮನೆಯಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ.

ಲೆಕ್ಕದಲ್ಲೂ ಒಂದು ತಕರಾರು ಉಳಿದಿದೆ, ಮೊಬೈಲ್ ಹಿಡಿದು ಕಲಿಯುವವರಿಗೆ ಅದು ಮೊದಲ ದಿನವೇ ಎದುರಾಗುತ್ತದೆ. ಅಯನಾಂಶ. ಇಂಗ್ಲಿಷ್ ಪತ್ರಿಕೆಯ ರಾಶಿಗೂ ನಮ್ಮ ರಾಶಿಗೂ ಈಗ ಸುಮಾರು 24 ಡಿಗ್ರಿ ಅಂತರ, ಭೂಮಿಯ ಅಕ್ಷ ಮೆಲ್ಲಗೆ ತಿರುಗುವುದರಿಂದ ಬಂದದ್ದು, 72 ವರ್ಷಕ್ಕೆ ಒಂದು ಡಿಗ್ರಿ ಬೆಳೆಯುತ್ತದೆ. ಸರಿಯಾಗಿ ಎಷ್ಟು ಕಳೆಯಬೇಕು ಎಂಬುದರಲ್ಲಿ ಪಂಥಗಳಿವೆ. ಹೆಚ್ಚು ಚಾಲ್ತಿಯಲ್ಲಿರುವುದು ಲಾಹಿರಿಯದು. ಬೆಂಗಳೂರಿನ ಬಿ.ವಿ. ರಾಮನ್ ಬಳಸಿದ್ದು ಅದಕ್ಕಿಂತ ಒಂದೂವರೆ ಡಿಗ್ರಿಯಷ್ಟು ಕಡಿಮೆ. ನಕ್ಷತ್ರದ ಒಂದು ಪಾದ ಇರುವುದೇ ಮೂರು ಡಿಗ್ರಿ ಚಿಲ್ಲರೆ. ಹಾಗಾಗಿ ಇದರಿಂದ ಅದಕ್ಕೆ ಹೋದರೆ ಹತ್ತರಲ್ಲಿ ನಾಲ್ಕು ಜಾತಕಗಳಲ್ಲಿ ಪಾದ ಬದಲಾಗುತ್ತದೆ, ಪಾದದ ಜೊತೆ ನಾಮಾಕ್ಷರವೂ. ಶ್ರೀನಿವಾಸಪುರದ ತಮ್ಮನ ಮೊಮ್ಮಗಳ ನಾಮಕರಣದಲ್ಲಿ ಆದದ್ದೂ ಇದೇ. ತಂದೆಯ ಫೋನು ‘ಚೇ’ ಎಂದಿತು, ಸೋದರಮಾವನದು ‘ಚೋ’. ಎರಡೂ ಕಡೆಯವರು ನನ್ನ ಮುಖ ನೋಡಿದರು, ನಾನು ಎರಡರ ಸೆಟ್ಟಿಂಗ್ಸ್ ತೆಗೆದು ತೋರಿಸಿದೆ. ಯಾರೂ ಸೋಲಲಿಲ್ಲ. ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು, ಸರೋಜ.