ನೇತ್ರಾಣಿಯ ಜಟ್ಟಿಗ ಮತ್ತು ಕಡಲಾಮೆ

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ, ಮಳೆಯ ನೀರನ್ನು ಕೆರೆಗಳಲ್ಲಿ ತಡೆದಿರಿಸಿಕೊಂಡು ಮಾವಿನ ತೋಪುಗಳನ್ನು ಬೆಳೆಸಿದ ಶ್ರೀನಿವಾಸಪುರ ಸೀಮೆಯ ನಮಗೆ ಆಮೆಯೆಂದರೆ ಕೆರೆಯಂಗಳದ ಪ್ರಾಣಿ, ಇಲ್ಲವೆ ಮಂದರಪರ್ವತವನ್ನು ಬೆನ್ನಮೇಲೆ ಧರಿಸಿದ ಕೂರ್ಮಾವತಾರ. ಸಮುದ್ರದಲ್ಲಿಯೇ ಆಯುಷ್ಯವನ್ನು ಕಳೆದು, ಅಂಡವಿಡುವುದಕ್ಕಾಗಿ ಮಾತ್ರ ನೆಲವನ್ನು ಮುಟ್ಟುವ ಅದರ ಮಹಾಬಂಧುವನ್ನು ಕಾಣಬೇಕಾದರೆ ಘಟ್ಟವಿಳಿದು ಉತ್ತರ ಕನ್ನಡದ ಕರಾವಳಿಗೆ ಹೋಗಬೇಕು.

ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ದ್ವೀಪವಿದೆ. ಕಡಿದಾದ ಬಂಡೆಗಳು, ಮೇಲೆ ದಟ್ಟವಾದ ಹಸಿರು, ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದಿನ ಗೂಡು. ಕೆಳಗೆ ಹವಳದ ಬಂಡೆಗಳ ನಡುವೆ ಬಣ್ಣಬಣ್ಣದ ಮೀನುಗಳು, ಅದೃಷ್ಟವಿದ್ದವರಿಗೆ ಗಂಭೀರವಾಗಿ ಈಜುವ ಕಡಲಾಮೆ. ಒತ್ತಿ ತುಂಬಿದ ಗಾಳಿಯ ಸಿಲಿಂಡರನ್ನು ಹೊತ್ತು ನೀರಿಗಿಳಿಯುವ ಯಾತ್ರಿಕರು ಈಚಿನವರು. ಅವರಿಗಿಂತ ಬಹುಕಾಲ ಮೊದಲೇ ಮೀನುಗಾರರು ಇಲ್ಲಿಯ ಜಟ್ಟಿಗ ದೇವರಿಗೆ ಹರಕೆ ಹೊತ್ತು ಬರುತ್ತಿದ್ದರು. ಹರಕೆಯಾಗಿ ಬಿಟ್ಟ ಆಡುಗಳು ದ್ವೀಪದಲ್ಲಿಯೇ ಕಾಡುಜೀವಿಗಳಂತೆ ಬೆಳೆದಿವೆ. ಇಂತಹ ಸ್ಥಳವನ್ನು ನೌಕಾಪಡೆಯವರು ಗುಂಡಿನಭ್ಯಾಸದ ಗುರಿಯಾಗಿ ಬಳಸಿದರೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ.

ಕಡಲನ್ನು ದಾಟಿ ದ್ವೀಪದ ದೈವವನ್ನು ಕಾಣುವ ಈ ಸಂಪ್ರದಾಯ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪಕ್ಕೆ ಪ್ರಾಚೀನ ಮಾಯಾ ಜನಾಂಗದ ಸ್ತ್ರೀಯರು ದೋಣಿಯೇರಿ ಹೋಗಿ, ಪ್ರಸವವನ್ನು ಕಾಯುವ ಇಶ್ಚೆಲ್ ದೇವಿಯನ್ನು ಪೂಜಿಸುತ್ತಿದ್ದರು. ಆ ದ್ವೀಪದ ತೀರದಲ್ಲಿ ಕಡಲಾಮೆಗಳು ಇಂದಿಗೂ ಮೊಟ್ಟೆಯಿಡುತ್ತವೆ. ಮಾಯಾ ಚಿತ್ರಗಳಲ್ಲಿ ಮೆಕ್ಕೆಜೋಳದ ದೇವನು ಬಿರಿದ ಆಮೆಯ ಚಿಪ್ಪಿನೊಳಗಿಂದ ಮೇಲೆದ್ದು ಬರುತ್ತಾನೆ. ಪರಸ್ಪರ ಪರಿಚಯವೇ ಇಲ್ಲದ ಎರಡು ಜನಾಂಗಗಳು ಸೃಷ್ಟಿಯ ಭಾರವನ್ನು ಒಂದೇ ಪ್ರಾಣಿಯ ಬೆನ್ನಿಗೆ ಒಪ್ಪಿಸಿದ್ದನ್ನು ನಾನು ಆಕಸ್ಮಿಕವೆಂದು ತಳ್ಳಿಬಿಡಲಾರೆ.

ನಮ್ಮ ನೇತ್ರಾಣಿಯ ಬಂಡೆಗಳಲ್ಲಾದರೋ ಆಮೆಗೆ ಅಂಡವಿಡಲು ಅನುಕೂಲವಾದ ಮರಳು ದೊರೆಯದು. ಅದಕ್ಕಾಗಿ ಮುಖ್ಯಭೂಮಿಯ ತೀರವೇ ಬೇಕು. ಹೊನ್ನಾವರದ ಕಾಸರಕೋಡು ಟೊಂಕದಂತಹ ಮರಳುದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಬರುತ್ತವೆ. ತಾಯಿಯು ಹಿಂದಿನ ಕಾಲುಗಳಿಂದ ಗುಂಡಿ ತೋಡಿ, ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಮರಿಗಳ ಮುಖವನ್ನೇ ನೋಡದೆ ಕಡಲಿಗೆ ಮರಳುತ್ತದೆ. ಮೊಟ್ಟೆಗೆ ಕಾವು ಕೊಡುವುದು ಮರಳಿನ ಬಿಸಿಯೇ. ಬಿಸಿ ಹೆಚ್ಚಿದ್ದರೆ ಹೆಣ್ಣುಮರಿಗಳೂ ಕಡಿಮೆಯಿದ್ದರೆ ಗಂಡುಮರಿಗಳೂ ಹೆಚ್ಚಾಗಿ ಹುಟ್ಟುತ್ತವೆ. 45ರಿಂದ 60 ದಿನಗಳಲ್ಲಿ ಹೊರಬಂದ ಮರಿಗಳು ದಿಗಂತದ ಬೆಳಕನ್ನು ಹಿಡಿದು ನೀರಿನ ಕಡೆಗೆ ಓಡುತ್ತವೆ. ದಂಡೆಯ ಮೇಲೆ ವಿದ್ಯುದ್ದೀಪ ಉರಿಯುತ್ತಿದ್ದರೆ ಅದನ್ನೇ ಕಡಲೆಂದು ಭ್ರಮಿಸಿ, ಊರ ಕಡೆಗೆ ಹರಿದು, ನಾಯಿ ಕಾಗೆಗಳ ಪಾಲಾಗುತ್ತವೆ. ನಾಯಿಗಳೂ ಮೊಟ್ಟೆಗಳ್ಳರೂ ಮುಟ್ಟದಂತೆ ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟುವಾಗ ಅವರಿಗೆ ನೆರವಾಗುವವರು ಮೀನುಗಾರರೇ. ಶ್ವಾಸಕೋಶದಿಂದ ಉಸಿರಾಡುವ ಈ ಪ್ರಾಣಿ ಬಲೆಗೆ ಸಿಕ್ಕಿ ಮೇಲಕ್ಕೆ ಬರಲಾರದೆ ಹೋದರೆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುದನ್ನು ಅವರಷ್ಟು ಬಲ್ಲವರು ಮತ್ತಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಡಲಾಮೆಗೆ ಹುಲಿಗೆ ಸಮಾನವಾದ ರಕ್ಷಣೆಯನ್ನು ಕೊಟ್ಟಿದೆ.

ಮಾವಿನ ಫಸಲಿಗೆ ಮುನ್ನ ಬಿಡುವು ದೊರೆತು ನಮ್ಮ ಕಡೆಯವರು ಮುರ್ಡೇಶ್ವರಕ್ಕೆ ಹೋಗುವ ಕಾಲವೂ ಆಮೆಗಳು ದಂಡೆಗೆ ಬರುವ ಕಾಲವೂ ಒಂದೇ. ಹೋದವರು ರಾತ್ರಿ ಮರಳಿನ ಮೇಲೆ ಟಾರ್ಚು ಬೀರದಿರಲಿ, ಹವಳವನ್ನು ಮುರಿದು ತಾರದಿರಲಿ, ಆಮೆಯ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಲಿ.