ಐಪಾಡ್‌ನೊಳಗೆ ಲಿನಕ್ಸ್
2001ರ ಅಕ್ಟೋಬರ್‌ನಲ್ಲಿ ಆಪಲ್ ಅನಾವರಣಗೊಳಿಸಿದ ಮೊದಲ ಐಪಾಡ್ ನೋಡುವುದಕ್ಕೆ ಹಾಡಿನ ಪೆಟ್ಟಿಗೆ, ಬಿಚ್ಚಿದರೆ ಪುಟ್ಟ ಕಂಪ್ಯೂಟರ್. ಒಳಗೆ 5 ಜಿಬಿ ಹಾರ್ಡ್ ಡಿಸ್ಕ್, 32 ಎಂಬಿ ಮೆಮೊರಿ, ಎರಡು ಆರ್ಮ್7 ಪ್ರೊಸೆಸರ್‌ಗಳನ್ನು ಹೊತ್ತ ಪೋರ್ಟಲ್‌ಪ್ಲೇಯರ್ ಕಂಪನಿಯ ಚಿಪ್ಪು. ಇಷ್ಟೆಲ್ಲ ಇರುವಾಗ ಇದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಏಕೆ ಓಡಬಾರದು ಎಂದು ಕೆಲವು ಹವ್ಯಾಸಿಗಳು ಹಠ ಹಿಡಿದರು. ‘ಐಪಾಡ್‌ಲಿನಕ್ಸ್’ ಯೋಜನೆ ಹುಟ್ಟಿದ್ದು ಹೀಗೆ.

ಮೊದಲ ತೊಡಕು ಪ್ರೊಸೆಸರ್‌ನದೇ. ಸಾಮಾನ್ಯ ಕಂಪ್ಯೂಟರಿನಲ್ಲಿ ಎಂಎಂಯು ಎಂಬ ಘಟಕ ಮೆಮೊರಿಗೆ ಕಾವಲು ಕಾಯುತ್ತದೆ. ಪ್ರತಿ ಪ್ರೋಗ್ರಾಮಿಗೂ ಬೇರೆ ಕೋಣೆ. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಲಿನಕ್ಸ್ ಈ ಏರ್ಪಾಡನ್ನು ನಂಬಿಕೊಂಡೇ ಬೆಳೆದದ್ದು. ಐಪಾಡ್‌ನ ಆರ್ಮ್7 ಪ್ರೊಸೆಸರ್‌ನಲ್ಲಿ ಎಂಎಂಯು ಇಲ್ಲ. ಅದು ಗೋಡೆಗಳಿಲ್ಲದ ಛತ್ರ: ಎಲ್ಲರೂ ಒಂದೇ ಹಜಾರದಲ್ಲಿ ಚಾಪೆ ಹಾಸಬೇಕು, ಒಬ್ಬ ಎಡವಿದರೆ ಎಲ್ಲರ ನಿದ್ದೆಯೂ ಕೆಟ್ಟಂತೆ. ಅದೃಷ್ಟಕ್ಕೆ ಇಂಥ ಛತ್ರಗಳಿಗೆಂದೇ ‘ಯುಸಿಲಿನಕ್ಸ್’ ಎಂಬ ತಳಿ 1998ರಲ್ಲೇ ತಯಾರಾಗಿತ್ತು. ಅದು ಮೊದಲು ಗುರಿಯಿಟ್ಟದ್ದು ಪಾಮ್‌ಪೈಲಟ್ ಎಂಬ ಅಂಗೈ ಕಂಪ್ಯೂಟರಿನ ಮೇಲೆ. ಲಿನಕ್ಸ್ ಸೇರಿದ ಯುನಿಕ್ಸ್ ಮನೆತನದಲ್ಲಿ ಹೊಸ ಪ್ರೋಗ್ರಾಮು ಹುಟ್ಟುವುದು ಹಳೆಯದರ ಪಡಿಯಚ್ಚಾಗಿ. ಎಂಎಂಯು ಇಲ್ಲದೆ ಪಡಿಯಚ್ಚು ಸಾಧ್ಯವಿಲ್ಲವಾದ್ದರಿಂದ, ಯುಸಿಲಿನಕ್ಸ್‌ನಲ್ಲಿ ಮಗು ತನ್ನ ಕೆಲಸ ಹಿಡಿಯುವ ತನಕ ತಾಯಿ ಅಲುಗಾಡದೆ ಕಾಯುತ್ತದೆ. ಇದಕ್ಕೆ ತಕ್ಕಂತೆ ಎಷ್ಟೋ ಪ್ರೋಗ್ರಾಮುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಪರದೆ, ಚಕ್ರ, ಡಿಸ್ಕ್, ಧ್ವನಿ ಚಿಪ್ಪು ಇವುಗಳಿಗೆ ಯಾವ ವಿಳಾಸದಲ್ಲಿ ಯಾವ ಆಜ್ಞೆ ಬರೆಯಬೇಕೆಂದು ಹೇಳುವ ಕೈಪಿಡಿ ಹೊರಗಿನವರಿಗೆ ಸಿಕ್ಕಿರಲಿಲ್ಲ. ಆಪಲ್‌ನ ಮೂಲ ತಂತ್ರಾಂಶವನ್ನೇ ಬಿಡಿಸಿ, ಸಾಲು ಸಾಲಾಗಿ ಓದಿ ಊಹಿಸಬೇಕಾಯಿತು. ಹೊಸ ಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಒಗ್ಗಿಸುವ ದುಡಿಮೆಯಲ್ಲಿ ಬಹುಪಾಲು ಇಂಥ ಪತ್ತೇದಾರಿಯೇ.

2004ರ ನಾಲ್ಕನೇ ತಲೆಮಾರಿನ ಐಪಾಡ್ ಬಂದಾಗ ಪತ್ತೇದಾರಿಯೂ ಸೋತಿತು. ಹಾರ್ಡ್‌ವೇರ್ ಬದಲಾಗಿತ್ತು, ಅದರ ಗುಟ್ಟು ಯಂತ್ರವನ್ನು ಎಬ್ಬಿಸುವ ಬೂಟ್ ಕೋಡಿನಲ್ಲಿತ್ತು. ಹವ್ಯಾಸಿಗಳ ಪ್ರೋಗ್ರಾಮು ಓಡುತ್ತಿತ್ತು, ಆದರೆ ಓದಿದ್ದನ್ನು ಹೊರಗೆ ಹೇಳಲು ಅದಕ್ಕೆ ದಾರಿಯಿರಲಿಲ್ಲ. ಉಳಿದಿದ್ದದ್ದು ಚಕ್ರ ತಿರುಗಿಸಿದಾಗ ಟಿಕ್ ಟಿಕ್ ಎನ್ನುವ ಪುಟ್ಟ ಪೀಜೊ ಬಿಲ್ಲೆಯೊಂದೇ. ಅದನ್ನೇ ಬಾಯಾಗಿ ಮಾಡಿಕೊಂಡು, ಕೋಡಿನ ಒಂದೊಂದು ಬಿಟ್ಟನ್ನೂ ಕೀರಲು ದನಿಯಾಗಿ ನುಡಿಸಲಾಯಿತು. ಹೊರಗಿನ ಸದ್ದು ತಾಗದಂತೆ ಮೆತ್ತೆ ಹೊದಿಸಿದ ಪೆಟ್ಟಿಗೆಯಲ್ಲಿ ಐಪಾಡ್ ಮತ್ತು ಮೈಕು; ಮುದ್ರಿತ ಸದ್ದನ್ನು ಇನ್ನೊಂದು ಕಂಪ್ಯೂಟರ್ ಮತ್ತೆ ಬಿಟ್ಟುಗಳಾಗಿಸಿತು. ಆ ಕೋಡಿನ 64 ಕಿಲೋಬೈಟ್ ಎಂದರೆ ಐದು ಲಕ್ಷಕ್ಕೂ ಹೆಚ್ಚು ಬಿಟ್ಟುಗಳು. ಹಾಡಲೆಂದೇ ಮಾಡಿದ ಯಂತ್ರ ತನ್ನ ಗುಟ್ಟನ್ನೂ ಹಾಡಿಯೇ ಬಿಟ್ಟುಕೊಟ್ಟಿತು.

ಇಷ್ಟು ಪಟ್ಟ ಪಾಡಿಗೆ ಸಿಕ್ಕಿದ್ದೇನು? ‘ಪಾಡ್‌ಜಿಲ್ಲಾ’ ಎಂಬ ಮೆನು, ಹಲವು ಆಟಗಳು, ಅವುಗಳಲ್ಲಿ ಅಂಗೈಯಲ್ಲಿ ಓಡುವ ‘ಡೂಮ್’ ಕೂಡ, ಆಪಲ್ ಕೊಟ್ಟದ್ದಕ್ಕಿಂತ ಉತ್ತಮ ಗುಣಮಟ್ಟದ ಧ್ವನಿಮುದ್ರಣ. ಹಾಡು ನುಡಿಸುವ ಮೂಲ ಕೆಲಸದಲ್ಲಿ ಮಾತ್ರ ಲಿನಕ್ಸ್ ಹಿಂದೆ ಬಿತ್ತು. ದಶಮಾಂಶದ ಲೆಕ್ಕ ನೇರವಾಗಿ ಮಾಡಲಾರದ ಪ್ರೊಸೆಸರ್‌ನಲ್ಲಿ ಎಂಪಿ3 ಬಿಡಿಸುವುದನ್ನು ಪೂರ್ಣಾಂಕಗಳಲ್ಲೇ ಸಾಧಿಸಬೇಕಿತ್ತು. ವಿದ್ಯುತ್ ಉಳಿಸುವ ಜಾಣ್ಮೆಯಲ್ಲಿ ಆಪಲ್‌ನ ತಂತ್ರಾಂಶದ್ದೇ ಮೇಲುಗೈಯಾದ್ದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತಿತ್ತು. ಸಂಗೀತವೇ ಮುಖ್ಯವೆನ್ನುವವರಿಗೆ, ಲಿನಕ್ಸ್‌ನ ಹಂಗಿಲ್ಲದೆ ಮೊದಲಿನಿಂದಲೇ ಬರೆದ ‘ರಾಕ್‌ಬಾಕ್ಸ್’ ತಂತ್ರಾಂಶ ಹೆಚ್ಚು ಒಪ್ಪಿತವಾಯಿತು.

ಲಿನಕ್ಸ್ ಹಾಕಿದರೂ ಆಪಲ್‌ನ ತಂತ್ರಾಂಶ ಡಿಸ್ಕಿನಿಂದ ಅಳಿಯುತ್ತಿರಲಿಲ್ಲ. ಯಂತ್ರ ಏಳುವಾಗ ಯಾವುದು ಬೇಕೆಂದು ಆರಿಸಿದರೆ ಸಾಕು, ಐಪಾಡ್ ಮತ್ತೆ ಹಳೆಯ ಐಪಾಡೇ.